ಕಾಮಿಕ್ಸ್ ಇಂಕಿಂಗ್

ಕಾಮಿಕ್ಸ್ ಪುಟಕ್ಕೆಂದು ಪೆನ್ಸಿಲ್ಲಿನಲ್ಲಿ ಬರೆದ ಚಿತ್ರವನ್ನು ಕಪ್ಪು ಶಾಯಿಯಲ್ಲಿ ಮತ್ತೆ ಬರೆದು ಅಚ್ಚಿಗೆ ಸಿದ್ಧಪಡಿಸುವ ಕಲೆಯೇ ಕಾಮಿಕ್ಸ್ ಇಂಕಿಂಗ್. ಈ ಕೆಲಸ ಮಾಡುವವರನ್ನು ಇಂಕರ್ ಎಂದೂ ಮೂಲ ಚಿತ್ರ ಬರೆಯುವವರನ್ನು ಪೆನ್ಸಿಲರ್ ಎಂದೂ ಕರೆಯುತ್ತಾರೆ. ಎರಡನ್ನೂ ಒಬ್ಬರೇ ಮಾಡುವುದುಂಟು; ಅಮೆರಿಕದ ಮಾಸಿಕ ಕಾಮಿಕ್ಸ್ ಉದ್ಯಮದಲ್ಲಿ ಅವು ಪ್ರತ್ಯೇಕ ವೃತ್ತಿಗಳಾಗಿ ಬೆಳೆದವು. ಪೆನ್ಸಿಲ್ ಚಿತ್ರದಲ್ಲಿ ಬೂದು ಬಣ್ಣದ ಹತ್ತಾರು ಛಾಯೆಗಳಿರುತ್ತವೆ, ಗೆರೆಯ ಮೇಲೆ ಗೆರೆ ಬಿದ್ದಿರುತ್ತದೆ. ಶಾಯಿಯ ಚಿತ್ರದಲ್ಲಿ ಇರುವುದು ಶಾಯಿಯ ಕಪ್ಪು ಮತ್ತು ಕಾಗದದ ಬಿಳಿ, ಎರಡೇ. ಯಾವ ಬೂದು ಕಪ್ಪಾಗಬೇಕು, ಯಾವುದು ಬಿಳಿಯಾಗಿ ಉಳಿಯಬೇಕು, ಒಂದರ ಮೇಲೊಂದು ಬಿದ್ದ ನಾಲ್ಕು ಗೆರೆಗಳಲ್ಲಿ ನಿಜವಾದದ್ದು ಯಾವುದು ಎಂದು ತೀರ್ಮಾನಿಸುವ ಹೊಣೆ ಇಂಕರ್‌ನದು. ಇಂಕಿಂಗ್ ಕಲಿಕೆಯ ತಿರುಳು ಈ ತೀರ್ಮಾನಗಳಲ್ಲಿದೆ. ಕೈಯ ಹಿಡಿತ ಅವುಗಳ ಜೊತೆಜೊತೆಗೇ ಪಳಗುತ್ತದೆ.

ಉಗಮ

ಇಂಕಿಂಗ್ ಹುಟ್ಟಿದ್ದು ಅಚ್ಚಿನ ಮನೆಯ ಅಗತ್ಯದಿಂದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚಿತ್ರವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು, ನೆಗೆಟಿವ್‌ನಿಂದ ಅದನ್ನು ಸತುವಿನ ತಗಡಿನ ಮೇಲೆ ಮೂಡಿಸಿ, ಗೆರೆಯಿಲ್ಲದ ಭಾಗವನ್ನು ಆಮ್ಲದಿಂದ ತಿನ್ನಿಸುವ ವಿಧಾನ ರೂಢಿಗೆ ಬಂತು. ಕನ್ನಡದ ಪತ್ರಿಕೆಗಳೂ ಮುದ್ರಣಾಲಯಗಳೂ ದಶಕಗಳ ಕಾಲ ಬಳಸಿದ ಲೈನ್ ಬ್ಲಾಕ್ ಇದೇ. ಲೈನ್ ಬ್ಲಾಕಿನಲ್ಲಿ ಬೂದು ನಿಲ್ಲುವುದಿಲ್ಲ. ಮಸುಕಾದ ಪೆನ್ಸಿಲ್ ಗೆರೆ ಅರ್ಧ ಅಳಿಸಿಹೋಗುತ್ತದೆ, ಇಲ್ಲವೇ ತುಂಡುತುಂಡಾಗಿ ಮೂಡುತ್ತದೆ. ಬೂದನ್ನು ಚುಕ್ಕಿಗಳಾಗಿ ಒಡೆಯುವ ಹಾಫ್‌ಟೋನ್ ಬ್ಲಾಕ್ ಇತ್ತಾದರೂ ಅದಕ್ಕೆ ಖರ್ಚು ಹೆಚ್ಚು, ಒರಟು ನ್ಯೂಸ್‌ಪ್ರಿಂಟಿನ ಮೇಲೆ ಅದು ಕಲಸಿಹೋಗುತ್ತಿತ್ತು. ಹೀಗಾಗಿ ಅಗ್ಗದ ಕಾಗದದಲ್ಲಿ ಲಕ್ಷಗಟ್ಟಲೆ ಅಚ್ಚಾಗಬೇಕಾದ ಚಿತ್ರಕ್ಕೆ ದಟ್ಟ ಕಪ್ಪು ಶಾಯಿ ಅನಿವಾರ್ಯವಾಯಿತು.

ಅಮೆರಿಕದ ದಿನಪತ್ರಿಕೆಗಳ ಚಿತ್ರಪಟ್ಟಿಗಳಲ್ಲಿ ಶಾಯಿಯ ಕೆಲಸ 1930ರ ದಶಕದ ಹೊತ್ತಿಗೆ ಎತ್ತರಕ್ಕೇರಿತ್ತು. 1934ರಲ್ಲಿ ‘ಫ್ಲ್ಯಾಶ್ ಗಾರ್ಡನ್’ ಆರಂಭಿಸಿದ ಅಲೆಕ್ಸ್ ರೇಮಂಡ್ ನವಿರಾದ ಕುಂಚದ ಗೆರೆಗಳಿಂದ ಮೈಕಟ್ಟನ್ನೂ ಬಟ್ಟೆಯ ಮಡಿಕೆಗಳನ್ನೂ ಮೂಡಿಸಿದರು. ನೋಯೆಲ್ ಸಿಕಲ್ಸ್, ಮತ್ತು ಅದೇ 1934ರಲ್ಲಿ ‘ಟೆರಿ ಅಂಡ್ ದ ಪೈರೇಟ್ಸ್’ ಶುರುಮಾಡಿದ ಮಿಲ್ಟನ್ ಕ್ಯಾನಿಫ್, ಸಣ್ಣ ಗೆರೆಗಳನ್ನು ಬಿಟ್ಟು ದೊಡ್ಡ ದೊಡ್ಡ ಕಪ್ಪು ನೆರಳುಗಳಲ್ಲಿ ದೃಶ್ಯ ಕಟ್ಟುವ ದಾರಿ ಹಿಡಿದರು. ನಂತರ ಬಂದ ಇಂಕರ್‌ಗಳಲ್ಲಿ ಹೆಚ್ಚಿನವರು ಈ ಎರಡರಲ್ಲಿ ಒಂದರ ಋಣಿಗಳು.

ಕೆಲಸದ ವಿಭಜನೆ ಬಂದದ್ದು ಕಾಮಿಕ್ಸ್ ಪುಸ್ತಕಗಳೊಂದಿಗೆ. 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ ಮೇಲೆ ಬೇಡಿಕೆ ಏಕಾಏಕಿ ಏರಿತು. ವಿಲ್ ಐಸ್ನರ್ ಮತ್ತು ಜೆರ್ರಿ ಐಗರ್ 1936ರಲ್ಲಿ ಕಟ್ಟಿದ ಸ್ಟುಡಿಯೋದಂಥ ಕಡೆಗಳಲ್ಲಿ ಒಬ್ಬರು ಪೆನ್ಸಿಲ್ ಹಾಕಿದರೆ ಇನ್ನೊಬ್ಬರು ಅಕ್ಷರ ಬರೆಯುವುದು, ಮತ್ತೊಬ್ಬರು ಶಾಯಿ ಹಾಕುವುದು, ಕಲಿಯಲು ಬಂದ ಹುಡುಗರು ಹಿನ್ನೆಲೆ ತುಂಬುವುದು ನಡೆಯುತ್ತಿತ್ತು. ಹಲವು ಕಲಾವಿದರ ಮೊದಲ ಪಾಠ ನಡೆದದ್ದು ಅಲ್ಲೇ: ರಬ್ಬರಿನಿಂದ ಪೆನ್ಸಿಲ್ ಗೆರೆ ಅಳಿಸುವುದು, ಚೌಕಟ್ಟು ಎಳೆಯುವುದು, ಗುರುತು ಹಾಕಿದ ಜಾಗಕ್ಕೆ ಕಪ್ಪು ತುಂಬುವುದು. ಇಂಕರ್‌ಗಳ ಹೆಸರು ಪುಟದ ಮೇಲೆ ಬರುವುದು ಬಹುಕಾಲ ಅಪರೂಪವಾಗಿತ್ತು. 1960ರ ದಶಕದ ಆರಂಭದಲ್ಲಿ ಮಾರ್ವೆಲ್ ಸಂಸ್ಥೆ ಕತೆ, ಪೆನ್ಸಿಲ್, ಇಂಕಿಂಗ್, ಅಕ್ಷರ ಎಂದು ಬಿಡಿಸಿ ಹೆಸರು ಹಾಕತೊಡಗಿದ ಮೇಲೆ ಓದುಗರು ಇಂಕರ್‌ಗಳನ್ನೂ ಗುರುತಿಸತೊಡಗಿದರು.

ಸಲಕರಣೆಗಳು

ಶಾಯಿ. ಇಂಗಾಲದ ಮಸಿಯನ್ನು ಅಂಟಿನೊಂದಿಗೆ ಬೆರೆಸಿದ ಇಂಡಿಯನ್ ಇಂಕ್ ಇದಕ್ಕೆ ಬಳಸುವ ಮುಖ್ಯ ಶಾಯಿ. ಫೌಂಟನ್ ಪೆನ್ನಿನ ಶಾಯಿಯಂತೆ ಅದು ಬೆಳಕಿಗೆ ಮಾಸುವುದಿಲ್ಲ. ಅರಗು ಸೇರಿಸಿದ ಬಗೆಯಾದರೆ ಒಣಗಿದ ಮೇಲೆ ನೀರಿಗೂ ಹರಡುವುದಿಲ್ಲ. ಸೀಸೆ ತೆರೆದಿಟ್ಟರೆ ನೀರು ಆರಿ ಶಾಯಿ ಮಂದವಾಗುತ್ತದೆ. ಮಂದವಾದ ಶಾಯಿ ಕಪ್ಪು ತುಂಬಲು ಒಳ್ಳೆಯದು, ನಿಬ್ಬಿಗೆ ಸಲ್ಲದು. ಅಭ್ಯಾಸವಾದವರು ತುಂಬುವುದಕ್ಕೆ ಒಂದು, ಗೆರೆಗೆ ಒಂದು ಎಂದು ಎರಡು ಸೀಸೆ ಇಟ್ಟುಕೊಳ್ಳುತ್ತಾರೆ.

ನಿಬ್. ಹೋಲ್ಡರಿಗೆ ಸಿಕ್ಕಿಸಿ ಶಾಯಿಯಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್ಬು ಒತ್ತಿದಾಗ ಸೀಳಿನಲ್ಲಿ ಬಿರಿದು ದಪ್ಪ ಗೆರೆಯನ್ನೂ ಒತ್ತಡ ಬಿಟ್ಟಾಗ ತೆಳು ಗೆರೆಯನ್ನೂ ಕೊಡುತ್ತದೆ. ಅಮೆರಿಕದಲ್ಲಿ ಹಂಟ್ 102 ಎಂಬ ಕ್ರೋಕ್ವಿಲ್ ನಿಬ್, ಇಂಗ್ಲೆಂಡಿನ ಗಿಲಟ್ ನಿಬ್‌ಗಳು, ಜಪಾನಿನಲ್ಲಿ ಜಿ-ಪೆನ್ ಮತ್ತು ಇನ್ನೂ ತೆಳುವಾದ ಮಾರು-ಪೆನ್ ಪ್ರಸಿದ್ಧ. ಹೊಸ ನಿಬ್ಬಿನ ಮೇಲೆ ತುಕ್ಕು ಹಿಡಿಯದಂತೆ ಎಣ್ಣೆಯ ಪೊರೆ ಇರುತ್ತದೆ. ಅದನ್ನು ತೊಳೆದು ತೆಗೆಯದಿದ್ದರೆ ಶಾಯಿ ಹನಿಹನಿಯಾಗಿ ಜಾರುತ್ತದೆ.

ಕುಂಚ. ಕೊಲಿನ್‌ಸ್ಕಿ ಎಂಬ ಸೈಬೀರಿಯದ ಪ್ರಾಣಿಯ ಬಾಲದ ಕೂದಲಿನಿಂದ ಮಾಡಿದ ದುಂಡು ಕುಂಚಕ್ಕೆ ಮೊದಲ ಸ್ಥಾನ. ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆಯ ಸೀರೀಸ್ 7 ಕುಂಚಗಳಲ್ಲಿ 2 ಮತ್ತು 3ನೇ ಅಳತೆಯವು ಇಂಕರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿವೆ. ಹೊಟ್ಟೆ ತುಂಬ ಶಾಯಿ ಹಿಡಿದೂ ತುದಿ ಸೂಜಿಯಷ್ಟು ಚೂಪಾಗಿರುವುದು ಒಳ್ಳೆಯ ಕುಂಚದ ಲಕ್ಷಣ. ಅಂಥ ಕುಂಚದಿಂದ ಕೂದಲೆಳೆಯ ಗೆರೆಯನ್ನೂ ಬೆರಳಗಲದ ಕಪ್ಪನ್ನೂ ಒಂದೇ ಎಳೆತದಲ್ಲಿ ತೆಗೆಯಬಹುದು. ಕೂದಲನ್ನು ಹಿಡಿದ ಲೋಹದ ಕೊಳವೆಯೊಳಗೆ ಶಾಯಿ ಒಣಗಿದರೆ ತುದಿ ಕವಲೊಡೆಯುತ್ತದೆ, ಮತ್ತೆ ಕೂಡುವುದಿಲ್ಲ. ಆದ್ದರಿಂದ ಕುಂಚವನ್ನು ಅರ್ಧ ಅಥವಾ ಮುಕ್ಕಾಲು ಕೂದಲಿನವರೆಗೆ ಮಾತ್ರ ಅದ್ದುವುದು, ನಡುನಡುವೆ ನೀರಿನಲ್ಲಿ ಜಾಲಿಸುವುದು, ಕೆಲಸ ಮುಗಿದ ಮೇಲೆ ಸೋಪಿನಿಂದ ತೊಳೆದು ತುದಿ ತೀಡಿ ಇಡುವುದು ಕಲಿಯುವವರಿಗೆ ಹೇಳುವ ಮೊದಲ ಶಿಸ್ತು.

ಇತರೆ. ಒಂದೇ ದಪ್ಪದ ಗೆರೆ ಕೊಡುವ ರಾಪಿಡೋಗ್ರಾಫ್‌ನಂಥ ಟೆಕ್ನಿಕಲ್ ಪೆನ್ನುಗಳು ಕಟ್ಟಡ, ಯಂತ್ರ, ಚೌಕಟ್ಟುಗಳಿಗೆ ಒಗ್ಗುತ್ತವೆ. ಪಿಗ್ಮೆಂಟ್ ಶಾಯಿಯ ಫೈಬರ್ ತುದಿಯ ಪೆನ್ನುಗಳು ಮತ್ತು ಬ್ರಷ್ ಪೆನ್ನುಗಳು ಅದ್ದುವ ಗೋಜಿಲ್ಲದ ಕಾರಣ ಹೊಸಬರಲ್ಲಿ ಜನಪ್ರಿಯ. ತಪ್ಪು ತಿದ್ದಲು, ಕಪ್ಪಿನ ಮೇಲೆ ನಕ್ಷತ್ರ, ಮಳೆ, ಹೊಳಪು ತೋರಿಸಲು ದಟ್ಟ ಬಿಳಿ ಬಣ್ಣ ಬೇಕು. ಕಾಗದವಾಗಿ ನಯವಾದ ಬ್ರಿಸ್ಟಲ್ ಬೋರ್ಡ್ ಬಳಸುತ್ತಾರೆ. 1960ರ ದಶಕದ ಉತ್ತರಾರ್ಧದಿಂದ ಅಮೆರಿಕದಲ್ಲಿ ಪುಟದ ಚಿತ್ರಭಾಗ ಸಾಮಾನ್ಯವಾಗಿ 10×15 ಅಂಗುಲ. ಅಚ್ಚಿನಲ್ಲಿ ಅದು ಮೂರರಲ್ಲಿ ಎರಡು ಭಾಗಕ್ಕೆ ಕುಗ್ಗುತ್ತದೆ. ಮೂಲದಲ್ಲಿ ಬಿಡಿಬಿಡಿಯಾಗಿ ಕಾಣುವ ಒತ್ತೊತ್ತಿನ ಗೆರೆಗಳು ಕುಗ್ಗಿದಾಗ ಒಂದಕ್ಕೊಂದು ಅಂಟಿ ಮಸಿಯ ಕಲೆಯಾಗುತ್ತವೆ. ಎಷ್ಟು ಬಿಳಿ ಬಿಡಬೇಕೆಂಬುದನ್ನು ಅಚ್ಚಿನ ಅಳತೆಯಲ್ಲಿ ಲೆಕ್ಕ ಹಾಕಬೇಕಾಗುತ್ತದೆ.

ಗೆರೆ ಮತ್ತು ಕಪ್ಪು

ಇಂಕಿಂಗ್‌ನ ಮೂಲ ಘಟಕ ಗೆರೆ. ಉದ್ದಕ್ಕೂ ಒಂದೇ ದಪ್ಪವಿರುವುದನ್ನು ಸಮಗೆರೆ ಎಂದೂ ಎಳೆಯುತ್ತಾ ಉಬ್ಬಿ ಸೊರಗುವುದನ್ನು ಏರಿಳಿತದ ಗೆರೆ ಎಂದೂ ಇಲ್ಲಿ ಕರೆದಿದೆ. ಏರಿಳಿತದ ಗೆರೆ ಮೂರು ಸಂಗತಿಗಳನ್ನು ಹೇಳುತ್ತದೆ. ಬೆಳಕಿನ ಕಡೆ ತೆಳುವಾಗಿ, ನೆರಳಿನ ಕಡೆ ದಪ್ಪವಾಗಿ ಬಂದು ಬೆಳಕಿನ ದಿಕ್ಕನ್ನು ಸೂಚಿಸುತ್ತದೆ. ಹತ್ತಿರದ ವಸ್ತುವಿಗೆ ದಪ್ಪ, ದೂರದ್ದಕ್ಕೆ ತೆಳು ಎಂಬ ಕ್ರಮದಿಂದ ಆಳ ತೋರಿಸುತ್ತದೆ. ಭಾರ ಬೀಳುವ ಕಡೆ, ಅಂದರೆ ನೆಲಕ್ಕೊತ್ತಿದ ಪಾದ, ಕುರ್ಚಿಗೊರಗಿದ ಬೆನ್ನು, ಗಟ್ಟಿಯಾಗಿ ಹಿಡಿದ ಮುಷ್ಟಿಯ ಕೆಳಗೆ, ದಪ್ಪಗಾಗಿ ತೂಕ ಕೊಡುತ್ತದೆ.

ನಡುಬೂದು ಬೇಕಾದಾಗ ಗೆರೆಗಳ ಗುಂಪು ಬಳಸುತ್ತಾರೆ. ಒಂದೇ ದಿಕ್ಕಿನ ಸಾಲುಗೆರೆಗಳಿಗೆ ಹ್ಯಾಚಿಂಗ್, ಅವುಗಳ ಮೇಲೆ ಅಡ್ಡಸಾಲು ಹಾಯಿಸಿದರೆ ಕ್ರಾಸ್‌ಹ್ಯಾಚಿಂಗ್, ಚುಕ್ಕಿಗಳಿಂದ ತುಂಬಿದರೆ ಸ್ಟಿಪ್ಲಿಂಗ್ ಎಂದು ಹೆಸರು. ಕಪ್ಪಿನಿಂದ ಹೊರಟ ಗೆರೆ ಬಿಳಿಯ ಕಡೆಗೆ ಸಾಗುತ್ತಾ ಮೊನೆಯಾಗಿ ಕರಗುವಂತೆ ಸಾಲಾಗಿ ಎಳೆಯುವುದು ಫೆದರಿಂಗ್. ಕುಂಚದ ಶಾಯಿಯನ್ನು ಬಹುಪಾಲು ಒರೆಸಿ ಕಾಗದದ ಮೇಲೆ ಸವರಿದಾಗ ಮೂಡುವ ಒಡಕು ಗೆರೆಗೆ ಡ್ರೈಬ್ರಷ್ ಎನ್ನುತ್ತಾರೆ. ಮರದ ತೊಗಟೆ, ಕಲ್ಲು, ಹಳೆಯ ಉಣ್ಣೆಬಟ್ಟೆಗೆ ಅದು ಹೇಳಿಮಾಡಿಸಿದ್ದು.

ಗೆರೆಗಿಂತ ಕಷ್ಟದ್ದು ತುಂಬುಗಪ್ಪಿನ ಹಂಚಿಕೆ. ಪುಟದಲ್ಲಿ ಎಲ್ಲೆಲ್ಲಿ ಪೂರ್ತಿ ಕಪ್ಪು ಬೀಳಬೇಕೆಂಬುದರ ಮೇಲೆ ಓದುಗರ ಕಣ್ಣು ಎತ್ತ ಹೋಗುತ್ತದೆ ಎಂಬುದು ನಿಂತಿದೆ. ಕಪ್ಪಿಲ್ಲದ ಪುಟ ಎಷ್ಟೇ ಚೆನ್ನಾಗಿ ಬರೆದಿದ್ದರೂ ಬಣ್ಣ ತುಂಬಲು ಕೊಟ್ಟ ಮಕ್ಕಳ ಪುಸ್ತಕದ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಪೆನ್ಸಿಲರ್‌ಗಳು ಕಪ್ಪಾಗಬೇಕಾದ ಜಾಗಕ್ಕೆ ಸಣ್ಣ ಗುಣಾಕಾರದ ಗುರುತು ಹಾಕಿ ಕೊಡುವುದುಂಟು. ಗುರುತಿಲ್ಲದ ಪುಟ ಬಂದಾಗ ಆ ಜವಾಬ್ದಾರಿ ಪೂರ್ತಿ ಇಂಕರ್‌ನ ಹೆಗಲಿಗೆ ಬೀಳುತ್ತದೆ.

ಕಲಿಕೆಯ ಕ್ರಮ

ಕಲಿಕೆ ಸಾಮಾನ್ಯವಾಗಿ ಕತೆಯ ಪುಟದಿಂದ ಆರಂಭವಾಗುವುದಿಲ್ಲ. ಖಾಲಿ ಕಾಗದದ ಮೇಲೆ ಸಮಾನಾಂತರ ಗೆರೆ, ತೆಳುವಿನಿಂದ ದಪ್ಪಕ್ಕೆ ಮತ್ತೆ ತೆಳುವಿಗೆ ಬರುವ ಗೆರೆ, ವೃತ್ತ, ಫೆದರಿಂಗ್ ಸಾಲುಗಳನ್ನು ಎಳೆದು ಕೈ ಪಳಗಿಸಿಕೊಳ್ಳುತ್ತಾರೆ. ಚಿಕ್ಕ ಗೆರೆಗೆ ಬೆರಳು ಮತ್ತು ಮಣಿಕಟ್ಟು ಸಾಕು. ಉದ್ದ ಗೆರೆಯನ್ನು ಮೊಣಕೈ ಅಥವಾ ಭುಜದಿಂದ ಎಳೆಯದಿದ್ದರೆ ಅದು ನಡುಗುತ್ತದೆ. ನಿಬ್ಬನ್ನು ತನ್ನ ಕಡೆಗೆ ಎಳೆಯಬೇಕು, ಮುಂದಕ್ಕೆ ತಳ್ಳಿದರೆ ಮೊನೆ ಕಾಗದಕ್ಕೆ ಸಿಕ್ಕಿ ಶಾಯಿ ಸಿಡಿಯುತ್ತದೆ. ಹಾಗಾಗಿ ಕೈಗೆ ಅನುಕೂಲವಾಗುವಂತೆ ಕಾಗದವನ್ನೇ ತಿರುಗಿಸಿಕೊಳ್ಳುವ ಅಭ್ಯಾಸ ಬೇಗ ಬರಬೇಕು. ನಿಧಾನವಾಗಿ ತಡವರಿಸುತ್ತಾ ಎಳೆದ ಗೆರೆಗಿಂತ ಎಲ್ಲಿಂದ ಎಲ್ಲಿಗೆ ಎಂದು ಮೊದಲೇ ನೋಡಿಕೊಂಡು ಒಂದೇ ಉಸಿರಿಗೆ ಎಳೆದ ಗೆರೆ ಜೀವಂತವಾಗಿರುತ್ತದೆ, ಅದು ಪೆನ್ಸಿಲ್ ಗೆರೆಯಿಂದ ಸ್ವಲ್ಪ ಆಚೀಚೆಯಾದರೂ ಸರಿಯೇ.

ಮುಂದಿನ ಹಂತದಲ್ಲಿ ಬೇರೆಯವರ ಪೆನ್ಸಿಲ್ ಚಿತ್ರಕ್ಕೆ ಶಾಯಿ ಹಾಕುತ್ತಾರೆ. ಮೂಲವನ್ನು ಕೆಡಿಸದಿರಲು ಅದರ ಮೇಲೆ ಪಾರದರ್ಶಕ ಕಾಗದವಿಟ್ಟು, ಲೈಟ್‌ಬಾಕ್ಸ್ ಮೇಲಿಟ್ಟು, ಅಥವಾ ತಿಳಿನೀಲಿ ಬಣ್ಣದಲ್ಲಿ ಬೋರ್ಡಿಗೆ ಪ್ರಿಂಟ್ ತೆಗೆದು ಅದರ ಮೇಲೆ ಬರೆಯುತ್ತಾರೆ. ತಿಳಿನೀಲಿಯ ಆಯ್ಕೆಗೆ ಕಾರಣವಿದೆ: ಬ್ಲಾಕ್ ತಯಾರಿಗೆ ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲಂ ತಿಳಿನೀಲಿಯನ್ನೂ ಬಿಳಿಯಂತೆಯೇ ಗ್ರಹಿಸುವುದರಿಂದ ಆ ಗೆರೆಗಳು ಅಚ್ಚಿನಲ್ಲಿ ಕಾಣುತ್ತಿರಲಿಲ್ಲ. ಇಂದು ಸ್ಕ್ಯಾನ್ ಮಾಡಿದ ಮೇಲೆ ನೀಲಿಯನ್ನು ಕಂಪ್ಯೂಟರಿನಲ್ಲಿ ತೆಗೆದುಹಾಕುತ್ತಾರೆ.

ಪುಟದ ಕೆಲಸದ ಕ್ರಮಕ್ಕೂ ಒಂದು ರೂಢಿಯಿದೆ. ಹಿಂದೆ ಅಕ್ಷರ ಮತ್ತು ಚೌಕಟ್ಟು ಮೊದಲು ಶಾಯಿಯಾಗಿ ಆಮೇಲೆ ಪುಟ ಇಂಕರ್ ಕೈಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಮುಖ ಮತ್ತು ಕೈಗಳು, ದೇಹದ ಹೊರಗೆರೆ, ಬಟ್ಟೆ, ಹಿನ್ನೆಲೆ, ಕೊನೆಗೆ ತುಂಬುಗಪ್ಪು. ಒದ್ದೆ ಶಾಯಿಯ ಮೇಲೆ ಅಂಗೈ ತಾಗದಂತೆ ಬಲಗೈಯವರು ಎಡಮೇಲಿನಿಂದ ಬಲಕೆಳಕ್ಕೆ ಸಾಗುತ್ತಾರೆ. ಶಾಯಿ ಪೂರ್ತಿ ಒಣಗಿದ ಮೇಲಷ್ಟೇ ಪೆನ್ಸಿಲ್ ಅಳಿಸಬೇಕು. ರಬ್ಬರು ಶಾಯಿಯ ಕಪ್ಪನ್ನೂ ಕೊಂಚ ಮಂಕಾಗಿಸುವುದರಿಂದ ಕೆಲವೆಡೆ ಮತ್ತೊಮ್ಮೆ ಕಪ್ಪು ಹಾಕಬೇಕಾಗುತ್ತದೆ.

ಒಂದು ಚೌಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು: ಕತ್ತಲ ಕೋಣೆ, ಮೇಜಿನ ಮೇಲೊಂದು ದೀಪ, ಅದರ ಎಡಕ್ಕೆ ಕೂತು ಕಾಗದ ಓದುತ್ತಿರುವ ವ್ಯಕ್ತಿ. ಪೆನ್ಸಿಲ್ಲಿನಲ್ಲಿ ಮುಖದ ಎಡಭಾಗಕ್ಕೆ ನವಿರಾದ ಬೂದು ತೀಡಿದೆ. ಇಂಕರ್ ಮೊದಲು ಬೆಳಕು ಬಲಗಡೆ ಕೆಳಗಿನಿಂದ ಬರುತ್ತಿದೆ ಎಂದು ನಿಶ್ಚಯಿಸಿಕೊಳ್ಳಬೇಕು. ಹಾಗಾದರೆ ಹುಬ್ಬಿನ ಮೇಲೆ, ಮೂಗಿನ ಎಡಪಕ್ಕ, ಕಿವಿಯ ಹಿಂದೆ ಕಪ್ಪು ಬೀಳುತ್ತದೆ; ಗಲ್ಲದ ಕೆಳಗಿನ ಭಾಗ, ಸಾಮಾನ್ಯವಾಗಿ ನೆರಳಿರುವ ಜಾಗ, ಇಲ್ಲಿ ಬೆಳಗುತ್ತದೆ. ಬಲಗೆನ್ನೆಯ ಹೊರಗೆರೆ ಇದ್ದೂ ಇಲ್ಲದಷ್ಟು ತೆಳು; ದೀಪಕ್ಕೆ ಅತಿ ಹತ್ತಿರದಲ್ಲಿ ಅದನ್ನು ಕಡಿದೇಬಿಟ್ಟರೆ ಬೆಳಕು ಇನ್ನಷ್ಟು ಪ್ರಖರವಾಗಿ ಕಾಣುತ್ತದೆ. ಎಡಗೆನ್ನೆಯ ಬೂದನ್ನು ಏನು ಮಾಡಬೇಕು? ಫೆದರಿಂಗ್ ಹಾಕಿದರೆ ಮುಖ ದುಂಡಗೆ, ಸೌಮ್ಯವಾಗಿ ಬರುತ್ತದೆ. ಒಂದೇ ಕಪ್ಪು ಅಂಚು ಕೊಟ್ಟರೆ ಕಟುವಾಗುತ್ತದೆ. ಕಾಗದದಲ್ಲಿ ಇರುವುದು ಸಾವಿನ ಸುದ್ದಿಯೋ ಪ್ರೇಮಪತ್ರವೋ ಎಂಬುದರ ಮೇಲೆ ಉತ್ತರ ನಿಂತಿದೆ. ಬೆನ್ನು ಮತ್ತು ಕುರ್ಚಿ ಹಿನ್ನೆಲೆಯ ಕತ್ತಲಲ್ಲಿ ಸೇರಿಹೋಗಲೆಂದು ಅಲ್ಲಿ ಗೆರೆಯನ್ನೇ ಎಳೆಯದೆ ಎಲ್ಲವನ್ನೂ ತುಂಬುಗಪ್ಪು ಮಾಡಬಹುದು, ಅಂಚಿಗೆ ಕೂದಲೆಳೆಯಷ್ಟು ಬಿಳಿ ಉಳಿಸಿದರೆ ಆಕಾರ ಬಿಡಿಸಿಕೊಳ್ಳುತ್ತದೆ. ಕತೆ ಓದದೆ ಶಾಯಿ ಹಾಕಬಾರದು ಎಂಬ ನಿಯಮ ಈ ಕಾರಣಕ್ಕೆ ಮುಖ್ಯ.

ಹೊಸಬರಲ್ಲಿ ಪದೇಪದೇ ಕಾಣುವ ದೋಷಗಳು ಕೆಲವಿವೆ. ಎಲ್ಲ ವಸ್ತುಗಳಿಗೂ ಒಂದೇ ದಪ್ಪದ ಗೆರೆ. ಬೆಳಕಿನ ದಿಕ್ಕು ಚೌಕದೊಳಗೇ ಬದಲಾಗುವುದು. ಮುಂದಿನ ವಸ್ತುವಿನ ಅಂಚು ಹಿಂದಿನದರ ಅಂಚಿಗೆ ತಾಗಿ ಎರಡೂ ಅಂಟಿಕೊಂಡಂತೆ ಕಾಣುವುದು. ಎಳೆಯ ಮುಖಕ್ಕೆ ಗೆರೆ ಹೆಚ್ಚಾಗಿ ವಯಸ್ಸಾದಂತೆ ಕಾಣುವುದು. ದುರ್ಬಲ ಅಂಗರಚನೆಯನ್ನು ಹ್ಯಾಚಿಂಗ್‌ನಿಂದ ಮುಚ್ಚಲು ಹೋಗುವುದು. ಕೊನೆಯದು ಎಲ್ಲಕ್ಕಿಂತ ಗಂಭೀರ. ಚಿತ್ರ ಬರೆಯಲು ಬಾರದವರು ಒಳ್ಳೆಯ ಇಂಕರ್ ಆಗಲಾರರು, ಏಕೆಂದರೆ ಪೆನ್ಸಿಲ್ ಗೆರೆ ಏನನ್ನು ಸೂಚಿಸುತ್ತಿದೆ ಎಂಬುದೇ ಅವರಿಗೆ ತಿಳಿಯುವುದಿಲ್ಲ.

ಜೋ ಕ್ಯೂಬರ್ಟ್ 1976ರಲ್ಲಿ ನ್ಯೂಜೆರ್ಸಿಯ ಡೋವರ್‌ನಲ್ಲಿ ಆರಂಭಿಸಿದ ಶಾಲೆ ಕಾಮಿಕ್ಸ್ ಕಲೆಯನ್ನು ಪೂರ್ಣಾವಧಿ ವಿಷಯವಾಗಿ ಕಲಿಸುವ ಸಂಸ್ಥೆಗಳಲ್ಲಿ ಹೆಸರುವಾಸಿ. ಗ್ಯಾರಿ ಮಾರ್ಟಿನ್ ಮತ್ತು ಕ್ಲಾಸ್ ಜಾನ್ಸನ್ ಬರೆದ ಕೈಪಿಡಿಗಳು ವ್ಯಾಪಕವಾಗಿ ಬಳಕೆಯಲ್ಲಿವೆ. 1994ರಿಂದ ಬರುತ್ತಿರುವ ‘ದ ಜ್ಯಾಕ್ ಕರ್ಬಿ ಕಲೆಕ್ಟರ್’ ಪತ್ರಿಕೆ ಪೆನ್ಸಿಲರ್ ಕರ್ಬಿಯವರ ಶಾಯಿ ಹಾಕದ ಪುಟಗಳನ್ನು ಅಚ್ಚು ಮಾಡಿ ಕಲಿಯುವವರಿಗೆ ಬೇರೆಲ್ಲೂ ಸಿಗದ ಸೌಕರ್ಯ ಒದಗಿಸಿತು. ಪೆನ್ಸಿಲ್ ಪುಟವನ್ನೂ ಅಚ್ಚಾದ ಪುಟವನ್ನೂ ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಸಮನಾದ ಪಾಠ ಇಲ್ಲ.

ಒಂದೇ ಪೆನ್ಸಿಲ್, ಹಲವು ಕೈಗಳು

ಇಂಕರ್ ಮೂಲಚಿತ್ರವನ್ನು ಎಷ್ಟು ಬದಲಿಸುತ್ತಾರೆ ಎಂಬುದಕ್ಕೆ ಜ್ಯಾಕ್ ಕರ್ಬಿ (1917–1994) ಅವರ ಪುಟಗಳಿಗಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. 1965ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಸರಣಿಯ 44ನೇ ಸಂಚಿಕೆಯಿಂದ ಕಾಯಂ ಇಂಕರ್ ಆದ ಜೋ ಸಿನಟ್ (1926–2020) ಕರ್ಬಿಯವರ ಒರಟು, ಕೋನಕೋನದ ಗೆರೆಗಳಿಗೆ ಕುಂಚದ ನುಣುಪು ತಂದರು. ಅವರ ಕೈಯಲ್ಲಿ ಲೋಹ ಲೋಹದಂತೆ ಹೊಳೆಯಿತು. ಕರ್ಬಿ ಶಕ್ತಿಯ ಸ್ಫೋಟ ತೋರಿಸಲು ಬಳಸುತ್ತಿದ್ದ ಕಪ್ಪು ಚುಕ್ಕಿಗಳ ಗೊಂಚಲು ಅಚ್ಚುಕಟ್ಟಾದ ದುಂಡು ಆಕಾರ ಪಡೆಯಿತು. ಅದೇ ದಶಕದ ‘ಥಾರ್’ ಕತೆಗಳಿಗೆ ವಿನ್ಸ್ ಕೊಲೆಟಾ ನಿಬ್ಬಿನ ಸಣ್ಣ ಸಣ್ಣ ಗೆರೆಗಳನ್ನು ಬಳಸಿದರು. ಪುರಾಣಕತೆಗೆ ಹಳೆಯ ಕೆತ್ತನೆ ಚಿತ್ರದ ಛಾಯೆ ಬಂತು, ಕರ್ಬಿಯವರ ಬಲ ಮಾತ್ರ ಕುಗ್ಗಿತು. ಗಡುವಿನೊಳಗೆ ಮುಗಿಸಲು ಕೊಲೆಟಾ ಹಿನ್ನೆಲೆಯ ಆಕೃತಿಗಳನ್ನು ಅಳಿಸಿಹಾಕುತ್ತಿದ್ದರು, ಕೆಲವನ್ನು ಬರೀ ಕಪ್ಪು ನೆರಳಾಗಿಸುತ್ತಿದ್ದರು ಎಂಬ ಟೀಕೆಗೆ ಗುರಿಯಾದರು. ತಡವಾದ ಸಂಚಿಕೆಗಳನ್ನು ಸಮಯಕ್ಕೆ ಅಚ್ಚಿಗೆ ಮುಟ್ಟಿಸುವವರೆಂದು ಸಂಪಾದಕರಿಗೆ ಅವರೇ ಬೇಕಾಗಿದ್ದರು. ಕರ್ಬಿ ಡಿಸಿ ಸಂಸ್ಥೆಗೆ ಹೋದ ಮೇಲೆ 1971ರಿಂದ ಅವರ ಪುಟಗಳಿಗೆ ಶಾಯಿ ಹಾಕಿದ ಮೈಕ್ ರಾಯರ್ ಪೆನ್ಸಿಲ್ಲಿನಲ್ಲಿ ಇದ್ದುದನ್ನು ಇದ್ದ ಹಾಗೆ ಶಾಯಿಗೆ ತರುವ ನಿಷ್ಠೆಗೆ ಹೆಸರಾದರು.

ಜೀನ್ ಕೋಲನ್ ಅವರ ಪೆನ್ಸಿಲ್ ಇನ್ನೊಂದು ಬಗೆಯ ಸವಾಲು. ಅವರು ಛಾಯಾಚಿತ್ರದಂತೆ ಬೂದಿನ ಮೇಲೆ ಬೂದು ತೀಡುತ್ತಿದ್ದರು, ಅಂಚುಗಳೇ ಇರುತ್ತಿರಲಿಲ್ಲ. 1970ರ ದಶಕದ ‘ಟೂಂಬ್ ಆಫ್ ಡ್ರಾಕುಲಾ’ದಲ್ಲಿ ಟಾಮ್ ಪಾಮರ್ ಕುಂಚ, ನಿಬ್, ಅಂಟಿಸುವ ಚುಕ್ಕಿಹಾಳೆ ಎಲ್ಲವನ್ನೂ ಬೆರೆಸಿ ಆ ಮಬ್ಬನ್ನು ಕಪ್ಪು-ಬಿಳುಪಿನಲ್ಲೇ ಉಳಿಸಿಕೊಂಡರು. ಕ್ಲಾಸ್ ಜಾನ್ಸನ್, ಟೆರ್ರಿ ಆಸ್ಟಿನ್, ಮರ್ಫಿ ಆ್ಯಂಡರ್ಸನ್, ಡಿಕ್ ಜಿಯೋರ್ಡಾನೊ, ಸ್ಕಾಟ್ ವಿಲಿಯಮ್ಸ್ ಈ ಪರಂಪರೆಯ ಇತರ ಪ್ರಮುಖರು.

ಇತರ ಪರಂಪರೆಗಳು

ಯುರೋಪಿನಲ್ಲಿ ಪೆನ್ಸಿಲ್ ಮತ್ತು ಶಾಯಿ ಹೆಚ್ಚಾಗಿ ಒಂದೇ ಕೈಯಲ್ಲಿ ಉಳಿದವು. ‘ಟಿನ್‌ಟಿನ್’ ಸೃಷ್ಟಿಸಿದ ಬೆಲ್ಜಿಯಂನ ಎರ್ಜೆ ನೆರಳನ್ನೂ ಹ್ಯಾಚಿಂಗ್ ಅನ್ನೂ ಬಹುತೇಕ ಬಿಟ್ಟು, ಮನುಷ್ಯನಿಗೂ ಕಾರಿಗೂ ಮೋಡಕ್ಕೂ ಒಂದೇ ತೂಕದ ಸಮಗೆರೆ ಬಳಸಿದರು. ಡಚ್ ಕಲಾವಿದ ಯೋಸ್ಟ್ ಸ್ವಾರ್ಟೆ 1977ರಲ್ಲಿ ಈ ಶೈಲಿಗೆ ಸ್ವಚ್ಛಗೆರೆ ಎಂಬರ್ಥದ ಹೆಸರಿಟ್ಟರು. ಏರಿಳಿತವೇ ಶ್ರೇಷ್ಠ ಎಂಬ ಅಮೆರಿಕದ ನಂಬಿಕೆಗೆ ಇದು ದೊಡ್ಡ ಅಪವಾದ.

ಜಪಾನಿನ ಮಾಂಗಾದಲ್ಲಿ ಮುಖ್ಯ ಕಲಾವಿದರು ಪಾತ್ರಗಳಿಗೆ ತಾವೇ ಶಾಯಿ ಹಾಕಿ, ಹಿನ್ನೆಲೆ, ತುಂಬುಗಪ್ಪು, ಸ್ಕ್ರೀನ್‌ಟೋನ್ ಎಂಬ ಚುಕ್ಕಿಹಾಳೆ ಅಂಟಿಸುವ ಕೆಲಸವನ್ನು ಸಹಾಯಕರಿಗೆ ಬಿಡುತ್ತಾರೆ. ಕಪ್ಪು-ಬಿಳುಪಿನಲ್ಲೇ ಅಚ್ಚಾಗುವುದರಿಂದ ಬಣ್ಣದ ಆಸರೆ ಇಲ್ಲ. ವೇಗ, ಭಾವ, ಮೌನ ಎಲ್ಲವೂ ನಿಬ್ಬಿನ ಗೆರೆಯಿಂದಲೇ ಬರಬೇಕು. ಇಂದಿಗೂ ಅಲ್ಲಿ ಹೊಸಬರ ಕಲಿಕೆ ಈ ಸಹಾಯಕ ಕೆಲಸದ ಮೂಲಕವೇ ಬಹಳಷ್ಟು ನಡೆಯುತ್ತದೆ.

ಭಾರತದಲ್ಲಿ

ಭಾರತದಲ್ಲಿ 1964ರಲ್ಲಿ ಬಂದ ಇಂದ್ರಜಾಲ ಕಾಮಿಕ್ಸ್ ಮತ್ತು 1967ರಲ್ಲಿ ಕಾರ್ಕಳ ಮೂಲದ ಅನಂತ ಪೈ ಆರಂಭಿಸಿದ ಅಮರ ಚಿತ್ರಕಥಾ ಶಾಯಿಯ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿದವು. ಅಮರ ಚಿತ್ರಕಥಾದ ‘ಕೃಷ್ಣ’ ಸಂಚಿಕೆಯನ್ನು ಬರೆದ ರಾಮ್ ವಾಯೀರ್‌ಕರ್, ಮತ್ತು ಪ್ರತಾಪ್ ಮುಳಿಕ್ ಅವರ ಕುಂಚದ ಗೆರೆ ಮುಂದಿನ ತಲೆಮಾರಿಗೆ ಮಾದರಿಯಾಯಿತು. ಪೆನ್ಸಿಲರ್ ಮತ್ತು ಇಂಕರ್ ಹೆಸರನ್ನು ಬೇರೆಬೇರೆಯಾಗಿ ಹಾಕುವ ರೂಢಿ ದೆಹಲಿಯ ರಾಜ್ ಕಾಮಿಕ್ಸ್‌ನಲ್ಲಿ ಗಟ್ಟಿಯಾಯಿತು. ಅನುಪಮ್ ಸಿನ್ಹಾ ಅವರ ಪೆನ್ಸಿಲ್‌ಗೆ ವಿನೋದ್ ಕುಮಾರ್ ಅವರ ಇಂಕಿಂಗ್ ಅಲ್ಲಿನ ಓದುಗರಿಗೆ ಪರಿಚಿತ ಜೋಡಿ.

ಕನ್ನಡದಲ್ಲಿ ಇಂಕಿಂಗ್ ಪ್ರತ್ಯೇಕ ವೃತ್ತಿಯಾಗಿ ಬೆಳೆಯಲಿಲ್ಲ. ಪತ್ರಿಕೆಯ ಕತೆಗೆ ಚಿತ್ರ ಬರೆಯುವ ಕಲಾವಿದರು ಬ್ಲಾಕ್ ಮಾಡಿಸಲು ಅನುವಾಗುವಂತೆ ಇಂಡಿಯನ್ ಇಂಕಿನಲ್ಲಿ ತಾವೇ ಮುಗಿಸಿಕೊಡುತ್ತಿದ್ದರು. ಮೈಸೂರಿನಲ್ಲಿ ಬೆಳೆದು ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆದ ಆರ್.ಕೆ. ಲಕ್ಷ್ಮಣ್ ಅವರ ಕುಂಚದ ಗೆರೆ ಕಾಮಿಕ್ಸ್ ಅಲ್ಲದಿದ್ದರೂ ಏರಿಳಿತದ ಗೆರೆಯ ಅಭ್ಯಾಸಕ್ಕೆ ಕನ್ನಡದ ವಿದ್ಯಾರ್ಥಿಗೆ ಹತ್ತಿರದಲ್ಲೇ ಸಿಗುವ ಶ್ರೇಷ್ಠ ಪಾಠ. ‘ಚಂದಮಾಮ’ ಮಕ್ಕಳ ಪತ್ರಿಕೆಯಲ್ಲಿ ದುಡಿದ ಎಂ.ಟಿ.ವಿ. ಆಚಾರ್ಯ ಅಂಚೆಯ ಮೂಲಕ ಚಿತ್ರಕಲೆ ಕಲಿಸಿ, ಕಲಾಶಾಲೆಗೆ ಹೋಗಲಾಗದ ಊರುಗಳ ಮಕ್ಕಳಿಗೂ ರೇಖೆಯ ಪಾಠ ತಲುಪಿಸಿದರು.

ಇಂದಿನ ಸ್ಥಿತಿ

ಸ್ಕ್ಯಾನರ್ ಮತ್ತು ಕಂಪ್ಯೂಟರ್ ಬಂದ ಮೇಲೆ ಶಾಯಿಯ ತಾಂತ್ರಿಕ ಅನಿವಾರ್ಯತೆ ಹೋಯಿತು. ಪೆನ್ಸಿಲ್ ಗೆರೆಯನ್ನೇ ದಟ್ಟವಾಗಿಸಿ ಅಚ್ಚು ಮಾಡಬಹುದು. 2001ರಲ್ಲಿ ಮಾರ್ವೆಲ್‌ನ ‘ಒರಿಜಿನ್’ ಸರಣಿಯಲ್ಲಿ ಆ್ಯಂಡಿ ಕ್ಯೂಬರ್ಟ್ ಅವರ ಪೆನ್ಸಿಲ್ ಮೇಲೆ ಶಾಯಿಯಿಲ್ಲದೆ ನೇರವಾಗಿ ರಿಚರ್ಡ್ ಇಸನೋವ್ ಡಿಜಿಟಲ್ ಬಣ್ಣ ಹಾಕಿದರು. ಕ್ಲಿಪ್ ಸ್ಟುಡಿಯೋ ಪೇಂಟ್, ಪ್ರೊಕ್ರಿಯೇಟ್ ಮುಂತಾದ ತಂತ್ರಾಂಶಗಳಲ್ಲಿ ಕೈಯ ನಡುಕ ಸರಿಪಡಿಸುವ, ಕೆಲವದರಲ್ಲಿ ಗೆರೆಯ ದಪ್ಪವನ್ನು ಬರೆದ ಮೇಲೂ ಬದಲಿಸುವ, ತಪ್ಪನ್ನು ಕೂಡಲೇ ಹಿಂದೆಗೆದುಕೊಳ್ಳುವ ಸೌಲಭ್ಯವಿದೆ. ಪರದೆಯ ಮೇಲೆ ಚಿತ್ರವನ್ನು ಮಿತಿಮೀರಿ ಹಿಗ್ಗಿಸಿ, ಅಚ್ಚಿನಲ್ಲಿ ಕಾಣದ ಗೆರೆಗಳಿಗೆ ಗಂಟೆಗಟ್ಟಲೆ ಕೂರುವುದು ಡಿಜಿಟಲ್ ಕಲಿಕೆಯ ಹೊಸ ದೋಷ. ಕರಡು ರೇಖೆಯಿಂದ ಶುದ್ಧ ಗೆರೆಯನ್ನು ತಾನಾಗಿ ಹೊರತೆಗೆಯುವ ನ್ಯೂರಲ್ ಜಾಲವನ್ನು ಜಪಾನಿನ ವಾಸೆಡಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಗೆರೆ ಎಲ್ಲಿದೆ ಎಂಬುದನ್ನು ಅದು ಹುಡುಕುತ್ತದೆ. ದೀಪದ ಬಳಿಯ ಕೆನ್ನೆಯ ಗೆರೆಯನ್ನು ಕತೆಗಾಗಿ ಕಡಿಯಬೇಕೇ ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು.

ಇಂಕರ್‌ಗಳ ಕೆಲಸವನ್ನು ಗೌರವಿಸಲು 2008ರಲ್ಲಿ ಅಮೆರಿಕದಲ್ಲಿ ಇಂಕ್‌ವೆಲ್ ಪ್ರಶಸ್ತಿಗಳು ಆರಂಭವಾದವು. ಅದರ ಜೀವಮಾನ ಸಾಧನೆಯ ಗೌರವಕ್ಕೆ ಜೋ ಸಿನಟ್ ಅವರ ಹೆಸರಿದೆ. 2009ರಲ್ಲಿ ಜೇಕ್ ಪಾರ್ಕರ್ ತಮ್ಮ ಸ್ವಂತ ಅಭ್ಯಾಸಕ್ಕೆಂದು ಶುರುಮಾಡಿದ ‘ಇಂಕ್‌ಟೋಬರ್’, ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಶಾಯಿಚಿತ್ರ ಬರೆಯುವ ಪರಿಪಾಠವಾಗಿ ಹಲವು ದೇಶಗಳಿಗೆ ಹರಡಿತು. ಮೂಲ ಪುಟಗಳ ಮಾರಾಟ ಕಲಾವಿದರಿಗೆ ಗಣನೀಯ ಆದಾಯ ತರುವುದರಿಂದ ಕಾಗದದ ಮೇಲಿನ ಶಾಯಿಯನ್ನು ಬಿಡದವರೂ ಅನೇಕರು. ಪೆನ್ಸಿಲರ್ ಸ್ಕ್ಯಾನ್ ಕಳಿಸಿ, ಇಂಕರ್ ಅದನ್ನು ನೀಲಿಯಲ್ಲಿ ಪ್ರಿಂಟ್ ತೆಗೆದು ಬರೆಯುವ ಈಗಿನ ಪದ್ಧತಿಯಲ್ಲಿ ಒಂದೇ ಪುಟಕ್ಕೆ ಎರಡು ಮೂಲಪ್ರತಿಗಳು ಉಳಿಯುತ್ತವೆ: ಪೆನ್ಸಿಲ್ಲಿನದು ಒಬ್ಬರ ಬಳಿ, ಶಾಯಿಯದು ಇನ್ನೊಬ್ಬರ ಬಳಿ.